ನೋ ತೆಂಗಾ ಪೆನಾ
(ಪದವಿ ಪ್ರದಾನ ಸಮಾರಂಭದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿನಿ ಮಾಡಿದ ಭಾಷಣ)



ಗುರುಗಳೇ, ತಂದೆ ತಾಯಂದಿರೇ, ಇವತ್ತು ಪ್ರಮಾಣಪತ್ರ ಪಡೆಯುತ್ತಿರುವ ತಂಗಿ ತಮ್ಮಂದಿರೇ,

ಏಳು ವರ್ಷಗಳ ಹಿಂದೆ ನಾನೂ ಇದೇ ಶಾಲೆಯಿಂದ ಪ್ರಮಾಣಪತ್ರ ತೆಗೆದುಕೊಂಡೆ. ಆ ವರ್ಷದ ಗುಂಪು ಫೋಟೋದಲ್ಲಿ ನನ್ನನ್ನು ಹುಡುಕುವುದು ಸುಲಭ. ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಒಂದು ಗೇಣು ಎತ್ತರವಾಗಿ ನಿಂತಿರುವವಳೇ ನಾನು. ಉಳಿದವರಿಗೆಲ್ಲ ಹದಿಮೂರು, ಹದಿನಾಲ್ಕು ವರ್ಷ. ನನಗೆ ಹದಿನೇಳು. ಯಾಕೆ ಹಾಗೆ ಅಂತ ಆಮೇಲೆ ಹೇಳುತ್ತೇನೆ.

ಕಾಲೇಜು ಮುಗಿದ ಮೇಲೆ, ನರ್ಸಿಂಗ್ ಓದು ಶುರು ಮಾಡುವ ಮೊದಲು, ಒಂದು ವರ್ಷ ಗ್ವಾಟೆಮಾಲಾ ದೇಶದ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸ್ವಯಂಸೇವಕಿಯಾಗಿದ್ದೆ. ಅದರ ಬಗ್ಗೆ ನಾಲ್ಕು ಮಾತು ಹೇಳು ಎಂದು ಟೀಚರ್ ಕೇಳಿದರು. ಇಡೀ ವರ್ಷದ ಕಥೆ ಹೇಳಿದರೆ ಹೊರಗಿನ ಬಿಸಿಬೇಳೆಬಾತ್ ಆರಿಹೋಗುತ್ತದೆ. ಅದಕ್ಕೇ ಮೊದಲನೆಯ ವಾರದ ಬಗ್ಗೆ ಮಾತ್ರ ಹೇಳುತ್ತೇನೆ.

ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಸ್ಪ್ಯಾನಿಷ್ ಓದಿ ಒಳ್ಳೆಯ ಅಂಕ ತೆಗೆದಿದ್ದೆ. ಆ ಧೈರ್ಯದ ಮೇಲೆ ಹೊರಟೆ. ಧೈರ್ಯ ವಿಮಾನ ನಿಲ್ದಾಣದ ಬಾಗಿಲವರೆಗೆ ಇತ್ತು. ಹೊರಗೆ ಬಂದರೆ ಯಾರೂ ಪಠ್ಯಪುಸ್ತಕದ ವೇಗದಲ್ಲಿ ಮಾತಾಡುತ್ತಿರಲಿಲ್ಲ. ರಾಜಧಾನಿಯಿಂದ ಕೆತ್ಸಾಲ್ತೆನಾಂಗೊ ಊರಿಗೆ ನಾಲ್ಕೈದು ತಾಸಿನ ಬಸ್ ಪ್ರಯಾಣ. ಅಲ್ಲಿಯವರು ಆ ಊರನ್ನು ಷೇಲಾ ಅಂತಲೇ ಕರೆಯುತ್ತಾರೆ. ಬಸ್ಸು ಯಾವುದು ಗೊತ್ತೇ? ಅಮೆರಿಕದಲ್ಲಿ ವಯಸ್ಸಾಗಿ ನಿವೃತ್ತಿಯಾದ ನಮ್ಮ ಹಳದಿ ಸ್ಕೂಲ್ ಬಸ್ಸೇ. ಅಲ್ಲಿ ಅದಕ್ಕೆ ಕೆಂಪು, ಹಸಿರು, ನೀಲಿ ಬಳಿದು ತೇರಿನ ಹಾಗೆ ಸಿಂಗಾರ ಮಾಡುತ್ತಾರೆ. ಸೀಟುಗಳು ಮಾತ್ರ ಮಕ್ಕಳ ಅಳತೆಯವೇ. ಮಂಡಿ ಮಡಚಿಕೊಂಡು ಕೂತಾಗ ಮತ್ತೆ ಮೂರನೇ ತರಗತಿಗೆ ಹೋದ ಹಾಗಾಯಿತು. ಆ ವಾರ ಪೂರ್ತಿ ಹಾಗೇ ಅನಿಸುತ್ತಿತ್ತು.

ಷೇಲಾ ಸಮುದ್ರಮಟ್ಟದಿಂದ 2,300 ಮೀಟರಿಗಿಂತ ಎತ್ತರದಲ್ಲಿದೆ. ಊರಿನ ದಕ್ಷಿಣಕ್ಕೆ ಸಾಂತಾ ಮರಿಯಾ ಜ್ವಾಲಾಮುಖಿ. ಬೆಳಗ್ಗೆ ಸಂಜೆ ಗಡಗಡ ಚಳಿ. ನಾನು ಉಳಿದುಕೊಂಡ ಮನೆಯಲ್ಲಿ ಮನೆಯೊಡತಿ, ಅವರ ತಾಯಿ, ಮತ್ತು ಮೂರು ವರ್ಷದ ಮೊಮ್ಮಗ ಇದ್ದರು. ಮೊದಲ ರಾತ್ರಿ ಊಟಕ್ಕೆ ಕೂತು ನೀರಿನ ಲೋಟ ಕೆಡವಿದೆ. ‘ತಪ್ಪಾಯಿತು’ ಎಂದು ಹೇಳಲು ಪದ ಹುಡುಕುತ್ತಿದ್ದಾಗ ಅವರು ನಕ್ಕು, “ನೋ ತೆಂಗಾ ಪೆನಾ” ಅಂದರು. ನನ್ನ ಕನ್ನಡದ ಕಿವಿಗೆ ಕೇಳಿಸಿದ್ದು ತೆಂಗು, ಪೆನ್ನು. ಇವರ ಮನೆಯಲ್ಲಿ ತೆಂಗಿನಕಾಯಿಯೂ ಇಲ್ಲ, ಪೆನ್ನೂ ಇಲ್ಲ ಅಂತ ಯಾಕೆ ಹೇಳುತ್ತಿದ್ದಾರೆ ಎಂದು ಗಾಬರಿಯಾಯಿತು. ಅದರ ಅರ್ಥ ‘ಸಂಕೋಚ ಬೇಡ, ಚಿಂತೆ ಮಾಡಬೇಡಿ’ ಅಂತ. ಆ ವಾರ ಆ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಎರಡನೆಯ ದಿನ ನಾನು ಹೆಚ್ಚು ಕಡಿಮೆ ಮೂಗಿಯಾಗಿದ್ದೆ. ತಲೆಯಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿ, ಒಂದೊಂದೇ ಪದ ಬದಲಿಸಿ, ಬಾಯಿಗೆ ತರುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತಿತ್ತು. ಮೂರು ವರ್ಷದ ಆ ಹುಡುಗ ನನಗಿಂತ ಚೆನ್ನಾಗಿ ಮಾತಾಡುತ್ತಿದ್ದ. ರಾತ್ರಿ ಮಲಗಿದಾಗ ಈ ಶಾಲೆಯ ಒಂದು ಪಾಠ ನೆನಪಾಯಿತು. ಕಿಟೆಲ್ ಅವರ ಪಾಠ. 1853ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ 21 ವರ್ಷ. ನಿಘಂಟು ಹೊರಬಂದದ್ದು 1894ರಲ್ಲಿ. ಪರೀಕ್ಷೆಗೆ ಎರಡೂ ಇಸವಿ ಬಾಯಿಪಾಠ ಮಾಡಿದ್ದೆ. ನಡುವೆ 41 ವರ್ಷ ಇದೆ ಅಂತ ಆ ರಾತ್ರಿಯೇ ಲೆಕ್ಕ ಹಾಕಿದ್ದು. ಅವರಿಗೂ ಒಂದು ಮೊದಲನೆಯ ವಾರ ಇದ್ದಿರಲೇಬೇಕಲ್ಲ ಅಂದುಕೊಂಡು ನಿದ್ದೆ ಮಾಡಿದೆ.

ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ದಿನಾ ಎರಡು ತಾಸು ಭಾಷೆಯ ಪಾಠ ಇರುತ್ತಿತ್ತು. ಒಬ್ಬ ಮೇಷ್ಟ್ರು, ಒಬ್ಬಳು ವಿದ್ಯಾರ್ಥಿನಿ. ಮೂರನೆಯ ದಿನ ಅವರು ‘ಮೆ ಗುಸ್ತಾ’ ಪಾಠ ತೆಗೆದರು. ಕಾಫಿ ಇಷ್ಟ ಅನ್ನುವುದಕ್ಕೆ ಬಳಸುವ ಮಾತು. ಇಂಗ್ಲಿಷ್‌ನಲ್ಲಿ ‘ನಾನು’ ಮುಂದೆ ನಿಂತು ಕಾಫಿಯನ್ನು ಇಷ್ಟಪಡಬೇಕು. ಸ್ಪ್ಯಾನಿಷ್‌ನಲ್ಲಿ ‘ಮೆ’ ಅಂದರೆ ‘ನನಗೆ’. ಇಷ್ಟವಾಗುವುದು ಕಾಫಿಯ ಕೆಲಸ. ಇಂಗ್ಲಿಷ್‌ನಿಂದ ಬಂದವರು ಇಲ್ಲಿ ವಾರಗಟ್ಟಲೆ ಎಡವುತ್ತಾರೆ ಎಂದು ಮೇಷ್ಟ್ರು ಎಚ್ಚರಿಸಿದರು. ನನಗೆ ಒಮ್ಮೆಗೇ ದೀಪ ಹತ್ತಿದ ಹಾಗಾಯಿತು. ‘ನನಗೆ ಇಷ್ಟ.’ ಅಷ್ಟೇ! ‘ಮೆ ದುಎಲೆ ಲಾ ಕಾಬೆಸಾ’, ನನಗೆ ತಲೆ ನೋಯುತ್ತದೆ. ‘ವೊಯ್’ ಅಂದರೆ ಸಾಕು, ‘ಹೋಗುತ್ತೇನೆ’ ಅಂದ ಹಾಗೆ, ‘ನಾನು’ ಅಂತ ಬೇರೆ ಹೇಳಬೇಕಿಲ್ಲ. ಅವರ ತಕಾರ ದಕಾರಗಳೂ ಇಂಗ್ಲಿಷಿನ ಟ, ಡ ಅಲ್ಲ. ನಮ್ಮ ತ, ದ. ಆ ದಿನದಿಂದ ಉಚ್ಚಾರಣೆಯನ್ನು ಕನ್ನಡ ಅಕ್ಷರಗಳಲ್ಲೇ ಬರೆದುಕೊಳ್ಳತೊಡಗಿದೆ. ಮೇಷ್ಟ್ರು ಆ ದುಂಡು ಅಕ್ಷರಗಳನ್ನು ನೋಡಿ, ತಮ್ಮ ಹೆಸರನ್ನೂ ಹಾಗೆ ಬರೆದುಕೊಡು ಎಂದು ಕೇಳಿ ಜೇಬಿನಲ್ಲಿಟ್ಟುಕೊಂಡರು.

ನಾಲ್ಕನೆಯ ದಿನ ಮನೆಯ ಅಜ್ಜಿಗೆ ಕಾಫಿ ಬೇಕೇ ಎಂದು ಕೇಳಿದೆ. ಹುಡುಗ ಕಿಸಕ್ಕನೆ ನಕ್ಕ. ನಾನು ಅಜ್ಜಿಯನ್ನು ‘ತೂ’ ಅಂತ, ಅಂದರೆ ‘ನೀನು’ ಅಂತ ಕೇಳಿದ್ದೆ. ಅಲ್ಲಿ ಹಿರಿಯರಿಗೆ ‘ಉಸ್ತೆದ್’ ಅನ್ನಬೇಕು. ಇಲ್ಲಿ ಮನೆಗೆ ಬಂದ ಅತಿಥಿಗೆ ನಮ್ಮ ಮಕ್ಕಳು “ಅಂಕಲ್, ನೀನು ಕೂತ್ಕೋ” ಅನ್ನುತ್ತಾರಲ್ಲ, ಥೇಟ್ ಹಾಗೆ. ನೀವು, ನೀನು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಇಂಗ್ಲಿಷ್ ಹಾದಿಯಲ್ಲಿ ಹೋಗಿದ್ದರಿಂದ ಅದು ದಾರಿಯಲ್ಲೇ ಬಿದ್ದುಹೋಗಿತ್ತು. ಅಜ್ಜಿ ಮಾತ್ರ ಬೇಜಾರು ಮಾಡಿಕೊಳ್ಳದೆ, “ನೋ ತೆಂಗಾ ಪೆನಾ” ಅಂದು ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡರು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿಟ್ಟು, ಸಿಪ್ಪೆ ಹೋಗುವ ಹಾಗೆ ತೊಳೆದು, ರುಬ್ಬಿಸಿ ತಂದ ಹಿಟ್ಟು. ಅದನ್ನು ಅಂಗೈಯಲ್ಲಿ ತಟ್ಟಿ ತೋರ್ತಿಯಾ ಮಾಡುತ್ತಾರೆ. ಅಕ್ಕಿರೊಟ್ಟಿ ತಟ್ಟಿದ ಕೈ ನನ್ನದು. ನಾಲಿಗೆಗಿಂತ ಬೇಗ ಕೈ ಪಾಸಾಯಿತು.

ಇಷ್ಟು ಹೊತ್ತು ನಗುತ್ತಾ ಕೇಳಿದಿರಿ. ಈಗ ಐದನೆಯ ದಿನದ ವಿಷಯ ಹೇಳಬೇಕು.

ಶುಕ್ರವಾರ ಆರೋಗ್ಯ ಕೇಂದ್ರಕ್ಕೆ ಒಬ್ಬ ಅಜ್ಜಿ ಬಂದರು. ಜೊತೆಗೆ ಹನ್ನೆರಡು ವರ್ಷದ ಮೊಮ್ಮಗಳು. ನಾನು ಅಭ್ಯಾಸ ಮಾಡಿಟ್ಟುಕೊಂಡಿದ್ದ ಪ್ರಶ್ನೆಯನ್ನು ಗೌರವ ಸೇರಿಸಿಯೇ ಕೇಳಿದೆ: “ದೋಂದೆ ಲೆ ದುಎಲೆ?” ನಿಮಗೆ ಎಲ್ಲಿ ನೋಯುತ್ತದೆ? ಅಜ್ಜಿ ನನ್ನ ಮುಖ ನೋಡಿದರು. ಅವರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಅವರದು ಕಿಚೆ ಭಾಷೆ. ಗ್ವಾಟೆಮಾಲಾದಲ್ಲಿ 22 ಮಾಯಾ ಭಾಷೆಗಳಿವೆ. ಆ ಜನರ ಭಾಷೆಯಲ್ಲೇ ಆರೋಗ್ಯ, ಶಿಕ್ಷಣದಂಥ ಸೇವೆ ಸಿಗಬೇಕೆಂದು 2003ರಲ್ಲಿ ಕಾನೂನೂ ಆಯಿತು. ಆದರೆ ಆ ದಿನ ಕೇಂದ್ರದಲ್ಲಿದ್ದ ನರ್ಸ್‌ಗೆ ಸ್ಪ್ಯಾನಿಷ್ ಮಾತ್ರ ಬರುತ್ತಿತ್ತು.

ಅಜ್ಜಿ ಮೊಮ್ಮಗಳಿಗೆ ತುಂಬಾ ಹೊತ್ತು ಏನೋ ಹೇಳಿದರು. ಮೊಮ್ಮಗಳು ನಮ್ಮ ಕಡೆ ತಿರುಗಿ ಒಂದೇ ಪದ ಹೇಳಿದಳು: “ನೋವು.” ಎಲ್ಲಿ? “ಹೊಟ್ಟೆ, ಇರಬೇಕು.” ಎಂಥ ನೋವು? ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ, “ಎಂತಿಯೆಂದೊ, ಪೆರೊ ನೋ ಆಬ್ಲೊ” ಅಂದಳು. ಅರ್ಥ ಆಗುತ್ತೆ, ಆದರೆ ಮಾತಾಡಕ್ಕೆ ಬರಲ್ಲ.

ಈ ವಾಕ್ಯವನ್ನು ನೀವೆಲ್ಲ ಎಲ್ಲಿಯೋ ಕೇಳಿದ್ದೀರಿ, ಅಲ್ಲವೇ?

ಹೊಟ್ಟೆಗೆ ಮಾತ್ರೆ ಕೊಟ್ಟು ಕಳಿಸುವುದರಲ್ಲಿದ್ದೆವು. ಅಷ್ಟರಲ್ಲಿ ಪಕ್ಕದ ಹಳ್ಳಿಯ ಸೂಲಗಿತ್ತಿಯೊಬ್ಬರು ಬೇರೆ ಕೆಲಸಕ್ಕೆಂದು ಬಂದರು. ಅವರಿಗೆ ಎರಡೂ ಭಾಷೆ ಬರುತ್ತಿತ್ತು. ಅಜ್ಜಿಯ ಕೈ ಹಿಡಿದು ಎರಡು ನಿಮಿಷ ಮಾತಾಡಿಸಿದರು. ಅಜ್ಜಿಗೆ ಇದ್ದದ್ದು ಹೊಟ್ಟೆನೋವೇ ಅಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿ ಹೊಲಕ್ಕೆ ಹೋಗುತ್ತಿದ್ದರು. ತಲೆ ಸುತ್ತಿ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಪರೀಕ್ಷೆ ಮಾಡಿದರೆ ಸಕ್ಕರೆ ತೀರಾ ಇಳಿದಿತ್ತು. ತಕ್ಷಣ ಸಿಹಿ ಕುಡಿಸಿದರು. ಅರ್ಧ ಗಂಟೆಯಲ್ಲಿ ಅಜ್ಜಿ ಚೇತರಿಸಿಕೊಂಡರು. ಹೋಗುವಾಗ ಸೂಲಗಿತ್ತಿಗೆ “ಮಾಲ್ತ್ಯೋಷ್” ಅಂದರು. ಕಿಚೆಯಲ್ಲಿ ಧನ್ಯವಾದ. ಮೊಮ್ಮಗಳು ಗೋಡೆಗೆ ಒರಗಿ ಅಳುತ್ತಿದ್ದಳು.

ಅವಳು ಯಾಕೆ ಅಳುತ್ತಿದ್ದಳು ಅಂತ ಆ ಕೋಣೆಯಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು.

ಫೋಟೋದಲ್ಲಿ ನಾನೇಕೆ ಎಲ್ಲರಿಗಿಂತ ಎತ್ತರ ಅಂತ ಈಗ ಹೇಳುತ್ತೇನೆ. ಹದಿಮೂರನೇ ವಯಸ್ಸಿಗೆ ನಾನು ಈ ಶಾಲೆ ಬಿಟ್ಟಿದ್ದೆ. ಶನಿವಾರ ಬೆಳಗ್ಗೆ ಏಳುವುದು ಬೇಸರ, ನನಗೆ ಅರ್ಥವಂತೂ ಆಗುತ್ತದಲ್ಲ, ಸಾಕು ಅಂತ. ಎರಡು ವರ್ಷದ ಮೇಲೆ ತೀರ್ಥಹಳ್ಳಿಯಿಂದ ಅಜ್ಜಿ ನಮ್ಮ ಮನೆಗೆ ಬಂದಿದ್ದರು. ಅಪ್ಪ ಬೇರೆ ಊರಿನಲ್ಲಿ, ಅಮ್ಮ ಕೆಲಸದಲ್ಲಿ. ಅಜ್ಜಿ ಇದ್ದಕ್ಕಿದ್ದ ಹಾಗೆ ಸೋತು ಕೂತರು. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಏನಾಗುತ್ತಿದೆ ಎಂದು ನರ್ಸ್ ಕೇಳಿದರು. ಅಜ್ಜಿ ನನಗೆ ಹೇಳಿದರು: “ಕಣ್ಣಿಗೆ ಕತ್ತಲೆ ಕಟ್ತಾ ಇದೆ ಕಣೇ, ಎಡಗೈ ಜೋಮು ಹಿಡಿದಿದೆ ಅಂತ ಹೇಳು.”

ಕತ್ತಲೆ ಗೊತ್ತಿತ್ತು. ಜೋಮು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬಿಟ್ಟು, ‘ಕತ್ತಲೆಯಾಗಿದೆಯಂತೆ’ ಎಂದು ಇಂಗ್ಲಿಷ್‌ನಲ್ಲಿ ಹೇಳಿದೆ.

ನರ್ಸ್ ಎದ್ದು ಹೋಗಿ ಇನ್ನೊಂದು ದೀಪ ಹಾಕಿದರು.

ತಪ್ಪು ಅವರದಲ್ಲ. ನಾನು ಹೇಳಿದ್ದನ್ನೇ ಅವರು ಮಾಡಿದರು. ನಲವತ್ತು ನಿಮಿಷದ ಮೇಲೆ ಅಮ್ಮ ಓಡಿಬಂದು ಜೋಮು ಹಿಡಿದ ಕೈಯ ವಿಷಯ ಹೇಳಿದಾಗ ಎಲ್ಲರೂ ಓಡಾಡಿದರು. ಅಜ್ಜಿ ಎರಡು ದಿನದಲ್ಲಿ ಹುಷಾರಾಗಿ ಮನೆಗೆ ಬಂದರು. ನನ್ನನ್ನು ಯಾರೂ ಬೈಯಲಿಲ್ಲ. ಆ ನಲವತ್ತು ನಿಮಿಷ ಮಾತ್ರ ನನ್ನೊಳಗೆ ಇನ್ನೂ ಮುಗಿದಿಲ್ಲ. ಮುಂದಿನ ಶನಿವಾರ ನಾನೇ ಅಮ್ಮನನ್ನು ಎಬ್ಬಿಸಿ, ಇಲ್ಲಿಗೆ ಬಿಡು ಎಂದೆ. ಚಿಕ್ಕ ಮಕ್ಕಳ ಜೊತೆ ಚಿಕ್ಕ ಕುರ್ಚಿಯಲ್ಲಿ ಕೂತೆ.

ಆ ಭಾನುವಾರ ಷೇಲಾದಿಂದ ಅಜ್ಜಿಗೆ ಫೋನ್ ಮಾಡಿದೆ. ಎಲ್ಲವನ್ನೂ ಕನ್ನಡದಲ್ಲೇ ಹೇಳಿದೆ. ಎಲ್ಲ ಕೇಳಿ ಅವರು ಕೇಳಿದ್ದು ಒಂದೇ: “ಜೋಳಕ್ಕೆ ಸುಣ್ಣ ಹಾಕ್ತಾರಾ? ಬಾಯಿ ಸುಡಲ್ವೇನೇ?”

ಗುರುಗಳಲ್ಲಿ ನನ್ನದೊಂದು ಕೋರಿಕೆ. ಬಣ್ಣ, ಹಣ್ಣು, ಪ್ರಾಣಿಗಳ ಜೊತೆ ನೋವಿನ ಪದಗಳನ್ನೂ ಕಲಿಸಿ. ಜೋಮು, ಸೆಳೆತ, ಉರಿ, ಸಂಕಟ, ಓಕರಿಕೆ, ಉಳುಕು, ತಲೆಸುತ್ತು. ಒಂದೇ ಶನಿವಾರ ಸಾಕು. ತಂದೆ ತಾಯಂದಿರಲ್ಲಿ ಇನ್ನೊಂದು. ‘ನಮ್ಮ ಮಗುವಿಗೆ ಅರ್ಥ ಆಗುತ್ತೆ’ ಅನ್ನುವಲ್ಲಿಗೆ ನಿಲ್ಲಬೇಡಿ. ತಪ್ಪಾಗಿ ಮಾತಾಡಿದರೆ ನಗಬೇಡಿ, ನೆಂಟರ ಮುಂದೆ ಅದನ್ನು ಹೇಳಿಸಿ ನಗಿಸಲೂ ಬೇಡಿ. ಆ ಗ್ವಾಟೆಮಾಲಾದ ಮನೆಯಲ್ಲಿ ನನ್ನ ಬಾಯಿ ತೆರೆಸಿದ್ದು ವ್ಯಾಕರಣ ಅಲ್ಲ, ಆ ಮನೆಯವರ ಒಂದು ಮಾತು.

ತಂಗಿ ತಮ್ಮಂದಿರೇ, ಅದೇ ಮಾತನ್ನು ನಿಮಗೂ ಹೇಳಿ ಮುಗಿಸುತ್ತೇನೆ. ಇವತ್ತು ಮನೆಗೆ ಹೋದ ಮೇಲೆ ಅಜ್ಜಿಗೋ ತಾತನಿಗೋ ಫೋನ್ ಮಾಡಿ. ತಪ್ಪಾದರೂ ಪರವಾಗಿಲ್ಲ, ಮಾತಾಡಿ. ನೋ ತೆಂಗಾ ಪೆನಾ.