ಮೈ ತುಂಬಿದ್ದರೂ ಕಾಲಲ್ಲಿ ಬಲವಿಲ್ಲ ಏಕೆ?

(ಹೊಳಲಿನ ಹಿರಿಯರಿಗಾಗಿ ನೀಡಿದ ಆರೋಗ್ಯ ಉಪನ್ಯಾಸ)



“ನಮ್ಮವ್ವ ಮೈಕೈ ತುಂಬಿಕೊಂಡಿದ್ದಾಳೆ, ಆಕೆಗೇನು ಅಶಕ್ತಿ?” ಎಂದು ಮಕ್ಕಳು ಕೇಳುವುದುಂಟು. ಅದೇ ತಾಯಿ ಕೈ ಊರದೆ ಕಟ್ಟೆಯಿಂದ ಏಳಲಾರರು. ತೂಕವೇ ಬೇರೆ, ಶಕ್ತಿಯೇ ಬೇರೆ.

ನಲವತ್ತರ ನಂತರ ಮಾಂಸಖಂಡ ನಿಧಾನವಾಗಿ ಕರಗುತ್ತದೆ, ಅರವತ್ತು ದಾಟಿದ ಮೇಲೆ ಇನ್ನೂ ಬೇಗ. ಹೊಲದ ಕೆಲಸ ಬಿಟ್ಟ ಮೇಲೂ ಊಟ ಮೊದಲಿನಷ್ಟೇ ಇದ್ದರೆ ಕೊಬ್ಬು ಸೇರುತ್ತದೆ. ಹೀಗಾಗಿ ತೂಕ ಇಳಿಯದಿದ್ದರೂ ಒಳಗೆ ಬಲ ಕುಂದಿರುತ್ತದೆ. ಊಟದ ನಂತರ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಬಳಸುವುದು ಮಾಂಸಖಂಡವೇ. ಅದು ಕಡಿಮೆಯಾದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದು ಕಷ್ಟ. ಕಾಲು ಸೋತು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು.

ಮನೆಯಲ್ಲೇ ನೋಡಿಕೊಳ್ಳಿ:

1. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು.

2. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ 5 ಸಲ ಎದ್ದು ಕುಳಿತುಕೊಳ್ಳಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ತಿಳಿಸಿ.

ಬೊಜ್ಜು ಇಳಿಸಲೆಂದು ಉಪವಾಸ ಮಾಡಬೇಡಿ, ಬರೀ ಗಂಜಿ ಕುಡಿದು ಇರಬೇಡಿ. ಕೊಬ್ಬಿನ ಜೊತೆಗೆ ಮಾಂಸಖಂಡವೂ ಹೋಗುತ್ತದೆ. ಹಿರಿಯರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಕನಿಷ್ಠ 1 ಗ್ರಾಂ ಪ್ರೋಟೀನು ಬೇಕು. 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಅನ್ನ ಮತ್ತು ತಿಳಿಸಾರು ಕಡಿಮೆ ಮಾಡಿ. ಜೋಳದ ರೊಟ್ಟಿಯ ಜೊತೆ ಗಟ್ಟಿ ಬೇಳೆ, ಹೆಸರುಕಾಳಿನ ಪಲ್ಯ, ಮೊಸರು ಇರಲಿ. ಹಲ್ಲಿಲ್ಲದವರು ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನಬಹುದು. ಮಿರ್ಚಿ, ಸಕ್ಕರೆ ಚಹಾ ಮಿತವಾಗಿರಲಿ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬೇಳೆಕಾಳು ಹೆಚ್ಚಿಸಬೇಕು.

ನಡಿಗೆ ಒಳ್ಳೆಯದು, ಆದರೆ ಅದೊಂದೇ ಸಾಲದು. ಬೆಳಿಗ್ಗೆ, ಸಂಜೆ ಕುರ್ಚಿಯಿಂದ 10 ಸಲ ಎದ್ದು ಕೂರಿ. ಗೋಡೆ ಹಿಡಿದು 10 ಸಲ ಹಿಮ್ಮಡಿ ಎತ್ತಿ ಇಳಿಸಿ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ.

ಕೊನೆಯದಾಗಿ, ಆರೈಕೆ ಮಾಡುವ ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು. “ನೀವು ಸುಮ್ಮನೆ ಮಲಗಿರಿ ಅಜ್ಜಾ” ಎನ್ನುವುದು ಪ್ರೀತಿಯ ಮಾತೇ. ಆದರೆ 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆರೋಗ್ಯವಂತ ಹಿರಿಯರೇ 10 ದಿನ ಹಾಸಿಗೆಯಲ್ಲಿದ್ದು ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕಳೆದುಕೊಂಡರು. ಕಾಯಿಲೆಯವರ ಪಾಡು ಏನಾದೀತು, ಯೋಚಿಸಿ. ವೈದ್ಯರು ಒಪ್ಪಿದ ದಿನದಿಂದಲೇ ಅವರನ್ನು ಎಬ್ಬಿಸಿ ಕೂರಿಸಿ ಊಟ ಕೊಡಿ. ಬಚ್ಚಲಿಗೆ ಕೈಹಿಡಿದು ನಡೆಸಿಕೊಂಡು ಹೋಗಿ. ತಮ್ಮ ಕೆಲಸವನ್ನು ಆದಷ್ಟು ತಾವೇ ಮಾಡಿಕೊಳ್ಳಲು ಬಿಡಿ. ಅವರ ಕಾಲಿನ ಬಲ ಉಳಿಯುವುದು ಅದರಿಂದಲೇ.