ಪಾಲಾಗುವ ಜೇನು, ಪರಾರಿಯಾಗುವ ಜೇನು



ಬೆಲೆ, ಸಾಲ, ಬಡ್ಡಿ ಅಂತ ನಾವು ದಿನಾ ಮಾತಾಡುತ್ತೇವೆ. ಇವತ್ತು ಜೇನಿನ ಮಾತು ಆಡುತ್ತೇನೆ. ಇದೂ ಸಾಲದ ಮಾತೇ, ಕೊನೆವರೆಗೆ ಕೇಳಿ.

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ನಮ್ಮ ತೋಟಗಳಲ್ಲಿ ಪೆಟ್ಟಿಗೆಯಲ್ಲಿಟ್ಟು ಸಾಕುವುದು ತುಡುವೆ ಜೇನು. ಅದು ಗೂಡು ಬಿಡುವುದು ಎರಡು ರೀತಿ. ಒಂದು ಪಾಲಾಗುವುದು, ಇನ್ನೊಂದು ಪರಾರಿಯಾಗುವುದು. ನೋಡುವವರಿಗೆ ಎರಡೂ ಒಂದೇ ಹಿಂಡು. ಆದರೆ ಒಂದರ ಹಿಂದೆ ಸಮೃದ್ಧಿ, ಇನ್ನೊಂದರ ಹಿಂದೆ ಹಸಿವು.

ಪಾಲಾಗುವುದು ನಮ್ಮ ಕೂಡುಕುಟುಂಬಗಳ ಹಾಗೆಯೇ. ಮಳೆಗಾಲ ಕಳೆದು ಹೂವು ಹೆಚ್ಚಿ, ಎರಿ ತುಂಬ ಮರಿಯಾಗಿ, ಒಳಗೆ ಜಾಗ ಸಾಲದೆ ಹೋದಾಗ ಹಳೇ ರಾಣಿ ಅರ್ಧದಷ್ಟು ನೊಣ ಕಟ್ಟಿಕೊಂಡು ಹೊರಡುತ್ತದೆ. ಮನೆ, ದವಸ ಹೊಸ ರಾಣಿಗೆ. ಎರಿಯ ಕೆಳ ಅಂಚಿನಲ್ಲಿ ರಾಣಿ ಕೋಶ ಜೋತುಬಿದ್ದಿದ್ದರೆ ಪಾಲಿನ ದಿನ ಹತ್ತಿರ ಬಂತೆಂದು ತಿಳಿಯಿರಿ. ಆಗ ನಾವೇ ಪಾಲು ಮಾಡಿ ಇನ್ನೊಂದು ಪೆಟ್ಟಿಗೆಗೆ ಹಾಕಿದರೆ ಒಂದು ಕುಟುಂಬ ಎರಡಾಯಿತು.

ಪರಾರಿ ಹಾಗಲ್ಲ. ರಾಣಿಸಮೇತ ಎಲ್ಲವೂ ಹೊರಟುಬಿಡುತ್ತವೆ. ಪೆಟ್ಟಿಗೆ ತೆರೆದರೆ ತುಪ್ಪವೂ ಇಲ್ಲ, ಮರಿಯೂ ಇಲ್ಲ, ಬರೀ ಒಣ ಎರಿ. ಇರುವೆ, ಮೇಣದ ಹುಳದ ಕಾಟಕ್ಕೂ ಹೋಗುವುದುಂಟು. ದೊಡ್ಡ ಕಾರಣ ಮಾತ್ರ ಮೇವಿಲ್ಲದಿರುವುದು. ಸಾಲಕ್ಕೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟ ಸಂಸಾರ ಇದ್ದ ಹಾಗೆ.

ನಮ್ಮ ಸೀಮೆಯ ಮೇವಿನ ಲೆಕ್ಕ ನೋಡಿ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. ಬೇಸಿಗೆಗೆ ನೇರಳೆ, ಹೊಂಗೆ, ನಂದಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ನೊಣವನ್ನು ಸರಿಯಾಗಿ ಹೊರಗೆ ಬಿಡುವುದಿಲ್ಲ. ಆ ನಾಲ್ಕು ತಿಂಗಳ ಊಟ ಬೇಸಿಗೆಯಲ್ಲೇ ಕೂಡಿಡಬೇಕು. ತುಪ್ಪವೆಲ್ಲ ನಾವೇ ತೆಗೆದುಕೊಂಡು, ಕಾಡುಮರ ಕಡಿದು ಸಿಲ್ವರ್ ಓಕ್ ಒಂದನ್ನೇ ನಿಲ್ಲಿಸಿದರೆ ಅದು ಎಲ್ಲಿಂದ ಕೂಡಿಟ್ಟೀತು? ಸಿಲ್ವರ್ ಓಕ್ ಹೂವಿನಲ್ಲೂ ಮಕರಂದ ಉಂಟು. ಆದರೆ ಒಂದೇ ಮರದ ಹೂವು ವರ್ಷದ ಊಟವಾದೀತೆ?

ನಷ್ಟ ನೊಣಕ್ಕೆ ಮಾತ್ರ ಅಲ್ಲ. ರೊಬಸ್ಟಾ ಗಿಡ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಗಾಳಿಯೂ ತರುತ್ತದೆ, ಜೇನೂ ತರುತ್ತದೆ. ಗೊಬ್ಬರದಂಗಡಿ ಬಾಕಿ ಬರೆಯುವ ನಮ್ಮ ಪುಸ್ತಕದಲ್ಲಿ ಕೂಲಿ ಕೇಳದ ಈ ಆಳಿನ ಹೆಸರೇ ಇಲ್ಲ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿ ಸಾಯುವ ರೋಗ ಬಂದು ದಕ್ಷಿಣದ ತುಡುವೆ ಪೆಟ್ಟಿಗೆಗಳು ಬಹುಪಾಲು ಬರಿದಾದವು. ಬದುಕುಳಿದ ಹಿಂಡುಗಳಿಂದಲೇ ಸಾಕಣೆ ಮತ್ತೆ ಚಿಗುರಿತು. ಆಮೇಲೆ 2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆ 500 ಕೋಟಿ ರೂಪಾಯಿ ಘೋಷಿಸಿತು. ಬೇಡ ಅನ್ನುವುದಿಲ್ಲ. ಆದರೆ ಸಹಾಯಧನ ಕಳೆದು ಉಳಿದ ಹಣ ನಿಮ್ಮ ಕೈಯಿಂದಲೇ ಹೋಗಬೇಕು, ಇಲ್ಲವೇ ಸಾಲ. ಪೆಟ್ಟಿಗೆ ಸಾಲಕ್ಕೆ ಸಿಗುತ್ತದೆ, ಹೂವು ಸಿಗುವುದಿಲ್ಲ ಸ್ವಾಮಿ. ಮೇವಿಲ್ಲದ ಕಡೆ ಹತ್ತು ಪೆಟ್ಟಿಗೆ ಇಟ್ಟರೆ ನೊಣ ಪರಾರಿ, ಕಂತು ಮಾತ್ರ ಮನೆಯಲ್ಲೇ.

ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದು ವರ್ಷ, ತೋಟದ ಸುತ್ತ ಒಂದು ಕಿಲೋಮೀಟರ್ ಒಳಗೆ ಯಾವ ತಿಂಗಳು ಯಾವ ಹೂವು ಅಂತ ಬರೆದಿಡಿ. ಬದುವಿಗೆ ಹುಚ್ಚೆಳ್ಳು ಚೆಲ್ಲಿ, ಮಳೆ ಹಿಂದೆ ಸರಿಯುವಾಗ ಹೂ ಬಿಡುತ್ತದೆ. ಮೊದಲು ಎರಡೇ ಪೆಟ್ಟಿಗೆ ಇಡಿ. ಮಳೆಗಾಲಕ್ಕೆ ತುಪ್ಪ ಉಳಿಸಿ, ಸಾಲದಿದ್ದರೆ ಸಕ್ಕರೆ ಪಾಕ ಕೊಡಿ. ಹೂವಿರುವಾಗ ಔಷಧಿ ಹೊಡೆಯಬೇಡಿ.

ಗ್ರಾಮಸಭೆಯಲ್ಲಿ ಎದ್ದು ನಿಂತು ಇಷ್ಟು ಕೇಳಿ: ಪೆಟ್ಟಿಗೆ ಕೊಡುವವರು ನೇರಳೆ, ಹೊಂಗೆ, ನಂದಿ ಸಸಿಯನ್ನೂ ಜತೆಗೇ ಕೊಡಲಿ. ಸಸಿ ಮರವಾಗಲು ವರ್ಷಗಳು ಬೇಕು. ಅಲ್ಲಿಯ ತನಕ ಇರುವ ಮರಕ್ಕೆ ಕೊಡಲಿ ಬೀಳದಂತೆ ನಾವು ನೋಡಿಕೊಳ್ಳೋಣ.