ಅಡ್ವಾನ್ಸ್ ಕೊಡುವ ಮುನ್ನ ಮನೆಯ ಸ್ಥಿತಿ ಬರೆದಿಡಿ



ನಮ್ಮ ಬಸವೇಶ್ವರನಗರದಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡ್ತೀರಿ, ಭೋಗ್ಯಕ್ಕಾದರೆ ಲಕ್ಷಗಟ್ಟಲೆ. ಅದರಲ್ಲಿ ಸಂಘದ ಸಾಲವೂ ಸೇರಿರುತ್ತೆ. ಖಾಲಿ ಮಾಡುವ ದಿನ ಮಾಲೀಕರು ಗೋಡೆಯ ಬಿರುಕು ತೋರಿಸಿ, "ಇದು ನೀವು ಬಂದ ಮೇಲೆ ಆದದ್ದು" ಅಂತ ಹಣ ಹಿಡಿದರೆ ಏನು ಮಾಡ್ತೀರಿ?

ಸಾಮಾನು ಇಳಿಸುವ ಮೊದಲೇ, ಹಗಲು ಹೊತ್ತಿನಲ್ಲಿ, ಮಾಲೀಕರ ಜೊತೆ ಇಡೀ ಮನೆ ನೋಡಿ. "ಮನೆ ಚೆನ್ನಾಗಿದೆ" ಅಂತ ಬರೆದರೆ ಪ್ರಯೋಜನವಿಲ್ಲ. "ಸಿಂಕ್ ಕೆಳಗೆ ತೇವ, ಬಚ್ಚಲುಮನೆ ಬಾಗಿಲು ಕೆಳಗಡೆ ಕೊಳೆತಿದೆ, ಹಾಲ್‌ನಲ್ಲಿ ಎರಡು ಟೈಲ್ಸ್ ಒಡೆದಿವೆ" ಹೀಗೆ ಬರೆಯಬೇಕು. ನಲ್ಲಿ ತಿರುಗಿಸಿ, ಸ್ವಿಚ್ ಹಾಕಿ ನೋಡಿ. ಸೋರುವ ಚಾವಣಿ ಬೇಸಿಗೆಯಲ್ಲಿ ಗೊತ್ತಾಗಲ್ಲ. ಕಲೆ ಇದ್ದರೆ ಅದನ್ನೂ ಬರೆಯಿರಿ. ಬೆಸ್ಕಾಂ ಮೀಟರ್ ರೀಡಿಂಗ್, ಎಷ್ಟು ಬೀಗದ ಕೈ ಕೊಟ್ಟರು ಅನ್ನೋದೂ ಇರಲಿ. ಎರಡು ಪ್ರತಿ, ಇಬ್ಬರ ಸಹಿ, ತಾರೀಖು. ಫೋಟೋಗಳನ್ನು ಅದೇ ದಿನ ಮಾಲೀಕರ ವಾಟ್ಸಾಪ್‌ಗೆ ಕಳಿಸಿ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಬಳಸಿ ಸಹಜವಾಗಿ ಸವೆದದ್ದಕ್ಕೆ ವಿನಾಯಿತಿ ಇದೆ. ಪಡೆದ ಸ್ಥಿತಿ ಹೇಗಿತ್ತು ಅನ್ನೋದಕ್ಕೆ ಈ ಹಾಳೆಯೇ ಸಾಕ್ಷಿ. ಆದರೆ ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯೋ ವಾಡಿಕೆ ಇದೆಯಲ್ಲ, ಅದನ್ನೂ ಮೊದಲೇ ಮಾತಾಡಿ.

ಭೋಗ್ಯ ಒಂದು ವರ್ಷಕ್ಕಿಂತ ಹೆಚ್ಚಿಗೆ ಇದ್ದರೆ ಕರಾರು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಈ ಹಾಳೆಯನ್ನೂ ಅದಕ್ಕೆ ಲಗತ್ತಿಸಿ.

ಸಹಿ ಕೇಳೋಕೆ ಸಂಕೋಚ ಬೇಡ, ಮಾಲೀಕರಿಗೂ ಇದು ರಕ್ಷಣೆಯೇ. ಬರೆಯಲು ಕಷ್ಟ ಅನ್ನುವವರು ಸಂಘದ ಲೆಕ್ಕ ಬರೆಯುವ ಅಕ್ಕನನ್ನು ಜೊತೆಗೆ ಕರ್ಕೊಂಡು ಹೋಗಿ.